ನೀರಂಚಿನ ಬಿಟ್ಟಿ ಬಿಡಾರ: ಅಮೆರಿಕದಲ್ಲಿ ಟೆಂಟ್ ಹಾಕುವ ಮುನ್ನ

ಮೇ ತಿಂಗಳು ಬಂತೆಂದರೆ ನನಗೆ ಒಂದೇ ಬಗೆಯ ಫೋನು. "ಸಾರ್, ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಲೇಕ್ ಪವೆಲ್ ಕಡೆ ಹೊರಟಿದ್ದೀವಿ. ನೀರಿನ ಪಕ್ಕದಲ್ಲೇ ಫ್ರೀಯಾಗಿ ಟೆಂಟ್ ಹಾಕಬಹುದಂತೆ, ಹೌದಾ?" ಹೌದು ಅಂದರೂ ಪೂರ್ತಿ ನಿಜವಲ್ಲ, ಇಲ್ಲ ಅಂದರೂ ಪೂರ್ತಿ ನಿಜವಲ್ಲ. ಫೀನಿಕ್ಸ್‌ನಲ್ಲಿ ನೆಲೆಸಿ, ಸುತ್ತಲಿನ ಮರಳುಗಾಡು ಕಾಡುಗಳಲ್ಲಿ ಸಾಕಷ್ಟು ರಾತ್ರಿ ಕಳೆದು, ಮಾಡಬಾರದ ತಪ್ಪುಗಳನ್ನೆಲ್ಲ ಒಂದೊಂದು ಸಲ ಮಾಡಿ ಮುಗಿಸಿರುವ ನಾನು ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಮಕ್ಕಳ ಮನೆಗೆ ಹೊರಟಿರುವ ಹಿರಿಯರೂ ಓದಿಕೊಳ್ಳಿ. ಮಕ್ಕಳು ಓದುವುದಿಲ್ಲ.

ಹಿನ್ನೆಲೆ ಚುಟುಕಾಗಿ ಇಷ್ಟು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬಹಳಷ್ಟು ನೆಲ ಕೇಂದ್ರ ಸರ್ಕಾರದ್ದು. ಬಿಎಲ್‌ಎಂ, ಅಂದರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಐದು ಕರ್ನಾಟಕಗಳಷ್ಟು! ಫಾರೆಸ್ಟ್ ಸರ್ವಿಸ್ ಬಳಿ ಇನ್ನೊಂದು 19.3 ಕೋಟಿ ಎಕರೆ. ಇವೆರಡರ ನೆಲದಲ್ಲಿ, ಬೇಡವೆಂದು ಸೂಚನೆ ಇಲ್ಲದ ಕಡೆ, ದುಡ್ಡು ಕೊಡದೆ ಸಾಮಾನ್ಯವಾಗಿ 14 ದಿನದವರೆಗೆ ತಂಗಬಹುದು. ಇದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ತೊಟ್ಟಿ ಇಲ್ಲ, ಕೂಗಿದರೆ ಓಗೊಡುವವರೂ ಇಲ್ಲ.

ಇದನ್ನು ಓದಿ ಶರಾವತಿ ಹಿನ್ನೀರಿಗೆ ಟೆಂಟ್ ಹೊತ್ತು ಹೊರಡಬೇಡಿ. ನಮ್ಮಲ್ಲಿ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ.

ಮೊದಲು: ಜಮೀನು ಯಾರದ್ದು?

ಫೋನಿನ ನಕ್ಷೆಯಲ್ಲಿ ಹಸಿರು ಕಂಡ ಕಡೆಯೆಲ್ಲ ಬಿಡಾರ ಹೂಡಬಹುದು ಎಂದುಕೊಂಡವರು ಬಹಳ ಮಂದಿ. ಆ ಹಸಿರಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ನೋಡಬೇಕಾದದ್ದು ಜಮೀನಿನ ಒಡೆತನ ತೋರಿಸುವ ನಕ್ಷೆ. ಬಿಎಲ್‌ಎಂ ನಕ್ಷೆಗಳಲ್ಲಿ ಹಳದಿ ಎಂದರೆ ಬಿಎಲ್‌ಎಂ, ಹಸಿರು ಎಂದರೆ ಫಾರೆಸ್ಟ್ ಸರ್ವಿಸ್, ನೇರಳೆ ಎಂದರೆ ನ್ಯಾಷನಲ್ ಪಾರ್ಕ್ ಸರ್ವಿಸ್, ಕಿತ್ತಳೆ ಎಂದರೆ ಮೂಲನಿವಾಸಿ ಬುಡಕಟ್ಟುಗಳ ನೆಲ, ನೀಲಿ ಎಂದರೆ ರಾಜ್ಯ ಸರ್ಕಾರದ್ದು, ಬಿಳಿ ಎಂದರೆ ಖಾಸಗಿ. ಹಳದಿ ಮತ್ತು ಹಸಿರು ಬಿಟ್ಟು ಬೇರೆ ಯಾವ ಬಣ್ಣದ ಮೇಲೂ "ಫ್ರೀ" ಎಂಬ ನಂಬಿಕೆಯಲ್ಲಿ ಕಾರು ನಿಲ್ಲಿಸಬೇಡಿ. ಅರಿಜೋನಾದಲ್ಲಿ ನೀಲಿ ನೆಲಕ್ಕೆ ಹಣ ಕಟ್ಟಿ ಪರ್ಮಿಟ್ ಪಡೆಯಬೇಕು.

ನಮ್ಮವರು ತಪ್ಪದೆ ಹೋಗುವ ಪೇಜ್ ಊರನ್ನೇ ತೆಗೆದುಕೊಳ್ಳಿ. ಹಾರ್ಸ್‌ಶೂ ಬೆಂಡ್, ಆಂಟಲೋಪ್ ಕ್ಯಾನ್ಯನ್ ನೋಡಲು ಹೋದವರಿಗೆ ಪಕ್ಕದಲ್ಲೇ ಲೇಕ್ ಪವೆಲ್, ಅಂದರೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿನ್ನೀರು, ಕಾಣುತ್ತದೆ. ಜಲಾಶಯ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು, ಪ್ರವೇಶ ಶುಲ್ಕ ಇದೆ. ಕಾರಿನಲ್ಲೇ ನೀರಿನ ಬಳಿಗೆ ಇಳಿಯಬಹುದಾದ ಲೋನ್ ರಾಕ್ ಬೀಚ್‌ನಲ್ಲಿ ತಂಗುವುದಕ್ಕೂ ಹಣ ಕೊಡಬೇಕು. ದಕ್ಷಿಣದ ಕಡೆಗೆ ಹೋದರೆ ನವಾಹೋ ನೇಷನ್. ಅದು ಸಾರ್ವಜನಿಕ ಜಮೀನಲ್ಲ, ಒಂದು ಜನಾಂಗದ ನೆಲ. ಅವರ ಪರ್ಮಿಟ್ ಇಲ್ಲದೆ ಅಲ್ಲಿ ರಾತ್ರಿ ತಂಗಿದರೆ ಅತಿಕ್ರಮಣವೇ. ಉತ್ತರಕ್ಕೆ, ಯೂಟಾ ಗಡಿ ದಾಟಿದ ಮೇಲೆ, ಬಿಎಲ್‌ಎಂ ಹಳದಿ ಸಿಗುತ್ತದೆ. ಅಲ್ಲೂ ಗ್ರ್ಯಾಂಡ್ ಸ್ಟೇರ್‌ಕೇಸ್ ಭಾಗದೊಳಗೆ ರಾತ್ರಿ ಉಳಿಯುವುದಾದರೆ ಪರ್ಮಿಟ್ ಬೇಕು. ಅದಕ್ಕೆ ಮಾತ್ರ ಕಾಸಿಲ್ಲ. ಒಂದೇ ಊರು, ಅರ್ಧ ಗಂಟೆಯ ದಾರಿ, ನಾಲ್ಕು ಬಗೆಯ ಕಾನೂನು.

ಡಲ್ಲಾಸ್ ಕಡೆಯ ಕನ್ನಡಿಗರಿಗೆ ಬೇರೆಯೇ ಮಾತು. ಟೆಕ್ಸಾಸ್‌ನಲ್ಲಿ ಇಂಥ ಸಾರ್ವಜನಿಕ ನೆಲವೇ ಬಲು ಕಡಿಮೆ. ನಿಮ್ಮ ಮನೆಯ ಹತ್ತಿರದ ಲೂಯಿಸ್‌ವಿಲ್, ಗ್ರೇಪ್‌ವೈನ್, ಲವಾನ್ ಜಲಾಶಯಗಳು ಸೈನ್ಯದ ಕೋರ್ ಆಫ್ ಇಂಜಿನಿಯರ್ಸ್ ಸುಪರ್ದಿಯಲ್ಲಿವೆ. ಅಲ್ಲಿ ಗುರುತು ಮಾಡಿದ ಜಾಗ ಬಿಟ್ಟು ಇನ್ನೆಲ್ಲೂ ಟೆಂಟ್ ಹಾಕುವಂತಿಲ್ಲ. ಯೂಟಾದ ಮೋವಾಬ್ ಬಳಿ ಕೊಲರಾಡೋ ನದಿಯ ಪಕ್ಕ ಸಾಗುವ 128ನೇ ಹೆದ್ದಾರಿಯೂ ಹಾಗೆಯೇ. ನೆಲ ಬಿಎಲ್‌ಎಂನದೇ, ಆದರೆ ಹಣ ಕೊಟ್ಟು ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಷ್ಟೇ ತಂಗಬೇಕು. ಜನ ಮುತ್ತಿಕೊಳ್ಳುವ ನದಿ ದಂಡೆಗಳಿಗೆಲ್ಲ ಒಂದಲ್ಲ ಒಂದು ದಿನ ಈ ಗತಿ ಬರುತ್ತದೆ ಎಂಬುದು ನನ್ನ ಲೆಕ್ಕ.

ಆಮೇಲೆ: ದಾರಿ

ಫಾರೆಸ್ಟ್ ಸರ್ವಿಸ್ ನೆಲವಾದರೆ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಎಂಬ ನಕ್ಷೆ ಪುಕ್ಕಟೆ ಸಿಗುತ್ತದೆ. ಕಪ್ಪು ಬಿಳುಪಿನದು, ನೋಡಲು ಚೆಂದವಿಲ್ಲ, ಆದರೆ ಕಾನೂನು ಅದೇ. ಅದರಲ್ಲಿಲ್ಲದ ದಾರಿ ಕಣ್ಣಿಗೆ ಎಷ್ಟೇ ಸ್ಪಷ್ಟವಾಗಿ ಕಂಡರೂ ಕಾರು ಇಳಿಸಬಾರದು. ಯಾವ ದಾರಿ ಯಾವ ತಿಂಗಳು ತೆರೆದಿರುತ್ತದೆ, ದಾರಿಯಿಂದ ಎಷ್ಟು ದೂರದೊಳಗೆ ಬಿಡಾರಕ್ಕೆಂದು ಗಾಡಿ ನಿಲ್ಲಿಸಬಹುದು ಎಂಬುದೆಲ್ಲ ಅದರಲ್ಲೇ ಇದೆ. ಅಲ್ಲಿ ಸಿಗ್ನಲ್ ಇರುವುದಿಲ್ಲ, ಮನೆಯಲ್ಲೇ ಇಳಿಸಿಕೊಳ್ಳಿ.

ಬಾಡಿಗೆ ಕಾರಿನವರು ಕರಾರುಪತ್ರ ಓದಿ. ಡಾಂಬರು ಬಿಟ್ಟ ರಸ್ತೆಯಲ್ಲಿ ಓಡಿಸಬಾರದೆಂದು ಎಷ್ಟೋ ಕರಾರುಗಳಲ್ಲಿ ಬರೆದೇ ಇರುತ್ತದೆ. ಅಲ್ಲಿ ಕೆಟ್ಟು ನಿಂತರೆ ವಿಮೆಯೂ ಕೈಕೊಡಬಹುದು.

ನೀರಂಚಿನ ಮೋಹ

ಇನ್ನು ನನ್ನ ಹೊಟ್ಟೆಯುರಿ. ನಮ್ಮವರಿಗೆ ಟೆಂಟಿನ ಬಾಗಿಲು ತೆಗೆದರೆ ಕಾಲಿಗೆ ನೀರು ತಾಗಬೇಕು. ಹೊಳೆ, ಕೆರೆ ಕಂಡರೆ ಇಳಿದೇ ಬಿಡುವ ಜನ ನಾವು. ಆ ಆಸೆ ತಪ್ಪಲ್ಲ. ಆದರೆ ನೀರಂಚಿನಲ್ಲಿ ಮಲಗುವುದಕ್ಕೆ ಮೂರು ಅಡ್ಡಿಗಳಿವೆ, ಒಂದಕ್ಕಿಂತ ಒಂದು ಗಟ್ಟಿ.

ಮೊದಲನೆಯದು ನಿಯಮ. ನೀರಿನಿಂದ 200 ಅಡಿ ದೂರ ಎಂಬುದು ಬಹುತೇಕ ಕಡೆ ಪಾಲಿಸುವ ಅಳತೆ. ಕೆಲವು ಕಡೆ ಇದಕ್ಕೂ ಹೆಚ್ಚು ಕೇಳುತ್ತಾರೆ. ಟೇಪು ಹಿಡಿಯಬೇಕಿಲ್ಲ, ದೊಡ್ಡವರ ಹೆಜ್ಜೆಯಲ್ಲಿ 70 ಹೆಜ್ಜೆ ಎಣಿಸಿ. ಅರಿಜೋನಾದಲ್ಲಂತೂ ಕಾಡುಪ್ರಾಣಿ, ದನಕರು ನೀರಿಗೆ ಬರಲು ಅಡ್ಡಿಯಾಗುವಂತೆ ನೀರಿನ ಗುಂಡಿ, ತೊಟ್ಟಿಗಳಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡುವುದು ರಾಜ್ಯದ ಕಾನೂನಿನ ಪ್ರಕಾರ ಅಪರಾಧ. ಮರಳುಗಾಡಿನಲ್ಲಿ ಅದೊಂದೇ ನೀರು. ನೀವು ಅಲ್ಲಿ ದೀಪ ಹಚ್ಚಿ ಅಂತ್ಯಾಕ್ಷರಿ ಹಾಡುತ್ತಿದ್ದರೆ ಜಿಂಕೆ ರಾತ್ರಿಯಿಡೀ ಬಾಯಾರಿಕೊಂಡು ದೂರ ನಿಂತಿರುತ್ತದೆ.

ಎರಡನೆಯದು ನೀರಿನ ಏರಿಳಿತ. ಇದನ್ನು ಯಾರೂ ನಂಬುವುದಿಲ್ಲ, ಆದ್ದರಿಂದ ಅಂಕಿಯಲ್ಲೇ ಹೇಳುತ್ತೇನೆ. ಲೇಕ್ ಪವೆಲ್ ತುಂಬಿದಾಗ ಅದರ ಮಟ್ಟ ಸಮುದ್ರದಿಂದ 3,700 ಅಡಿ. 2023ರ ಏಪ್ರಿಲ್‌ನಲ್ಲಿ ಅದು ಸುಮಾರು 3,520 ಅಡಿಗೆ ಇಳಿದಿತ್ತು. ಆಮೇಲೆ ರಾಕಿ ಪರ್ವತಗಳ ಹಿಮ ಕರಗಿ ಬಂತು ನೋಡಿ, ಜುಲೈ ಹೊತ್ತಿಗೆ 60 ಅಡಿಗೂ ಹೆಚ್ಚು ಏರಿತು. ಏಪ್ರಿಲ್‌ನಲ್ಲಿ ಯಾರೋ ಟೆಂಟ್ ಹಾಕಿ ಫೋಟೊ ತೆಗೆದ ಜಾಗ ಜುಲೈನಲ್ಲಿ ಆರು ಮಹಡಿ ಕಟ್ಟಡದಷ್ಟು ನೀರಿನಡಿ ಇತ್ತು. ಹೋದ ವರ್ಷ ಗೆಳೆಯರು ಕಳಿಸಿದ ಲೊಕೇಶನ್ ಹಿಡಿದು ಹೋಗಬೇಡಿ ಎನ್ನುವುದು ಇದಕ್ಕೇ.

ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಆರ್‌ಎಸ್ ತುಂಬಿ ಗೇಟು ಎತ್ತುವಾಗ ಕಾವೇರಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುವುದು ನಮಗೆ ಗೊತ್ತು. ಇಲ್ಲಿ ಕರೆಂಟಿನ ಬೇಡಿಕೆಗೆ ತಕ್ಕಂತೆ ದಿನದಿನವೂ ನೀರು ಹೆಚ್ಚು ಕಡಿಮೆ ಬಿಡುತ್ತಾರೆ. ಮೋಡ ಇಲ್ಲ, ಮಳೆ ಇಲ್ಲ, ಸಂಜೆ ನೋಡಿದ ಮರಳದಿಣ್ಣೆ ಬೆಳಗ್ಗೆ ಇರುವುದಿಲ್ಲ. ಕಲ್ಲಿನ ಮೇಲಿನ ಒದ್ದೆ ಗೆರೆ, ಪೊದೆಗೆ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ಮಲಗಿ.

ಮಳೆಯ ಪ್ರವಾಹ ಇದಕ್ಕಿಂತ ಕ್ರೂರ. 2010ರ ಜೂನ್ 11ರ ನಸುಕಿನಲ್ಲಿ ಅರ್ಕನ್ಸಾ ರಾಜ್ಯದ ಆಲ್ಬರ್ಟ್ ಪೈಕ್ ಎಂಬಲ್ಲಿ ಲಿಟಲ್ ಮಿಸೌರಿ ನದಿ ಕೆಲವೇ ಗಂಟೆಗಳಲ್ಲಿ 20 ಅಡಿಯಷ್ಟು ಏರಿ, ದಂಡೆಯಲ್ಲಿ ಮಲಗಿದ್ದವರಲ್ಲಿ 20 ಮಂದಿ ಸತ್ತರು. ಅದು ಫಾರೆಸ್ಟ್ ಸರ್ವಿಸ್‌ನದೇ ಕ್ಯಾಂಪ್‌ಗ್ರೌಂಡ್. ನೀವು ಫೋಟೊ ತೆಗೆದುಕೊಳ್ಳಲು ಹೋಗುವ ಆಂಟಲೋಪ್ ಕ್ಯಾನ್ಯನ್‌ನಲ್ಲಿ 1997ರ ಆಗಸ್ಟ್ 12ರಂದು 11 ಪ್ರವಾಸಿಗರು ಕೊಚ್ಚಿಹೋದರು, ಮಳೆ ಬಿದ್ದದ್ದು ಮೈಲಿಗಟ್ಟಲೆ ದೂರದಲ್ಲಿ. ಅರಿಜೋನಾದಲ್ಲೂ ಮಾನ್ಸೂನ್ ಎಂಬುದಿದೆ, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಲೆಕ್ಕ. ಆ ದಿನಗಳಲ್ಲಿ ಒಣಹಳ್ಳದ ಮೆತ್ತನೆ ಮರಳು ಹಾಸಿಗೆಯಂತೆ ಕಂಡರೂ ಅಲ್ಲಿ ಮಲಗಬೇಡಿ. ಅಡ್ಡಗಟ್ಟೆ ಇಟ್ಟಿರುವ ತುಂಬಿದ ಹಳ್ಳಕ್ಕೆ ಕಾರು ಇಳಿಸಿ ಸಿಕ್ಕಿಕೊಂಡವರಿಂದ ರಕ್ಷಣೆಯ ಖರ್ಚು ವಸೂಲು ಮಾಡುವ ಕಾನೂನು ಈ ರಾಜ್ಯದಲ್ಲಿದೆ. ಜನ ಅದನ್ನು ಕರೆಯುವುದೇ "ದಡ್ಡ ಚಾಲಕರ ಕಾನೂನು" ಎಂಬರ್ಥದ ಹೆಸರಿನಿಂದ.

ಮೂರನೆಯದು ಕೆಸರು. ಇದು ನನ್ನ ಸ್ವಂತ ಆಸ್ತಿ. ಕೆಲವು ವರ್ಷಗಳ ಹಿಂದೆ ಒಂದು ಜಲಾಶಯದ ನೀರು ಹಿಂದೆ ಸರಿದ ಬಯಲಿಗೆ ಕಾರು ಇಳಿಸಿದೆ. ಮೇಲೆ ಹಪ್ಪಳದಂತೆ ಒಣಗಿ ಬಿರಿದ ಮಣ್ಣು, ಕೆಳಗೆ ರಾಗಿ ಅಂಬಲಿ. ಐವತ್ತು ಗಜ ಹೋಗುವುದರಲ್ಲಿ ಚಕ್ರ ಅರ್ಧ ಮುಳುಗಿತು. ಹಿಂದಿನ ಸೀಟಿನಲ್ಲಿದ್ದ ಅಪ್ಪ ಮಂಡ್ಯ ಕಡೆಯವರು, ಆವತ್ತಿನವರೆಗೆ ಅಮೆರಿಕದ ಯಾವುದನ್ನೂ ಟೀಕಿಸದವರು, "ಕೆರೆ ಅಂಗಳಕ್ಕೆ ಗಾಡಿ ಇಳಿಸಬಾರ್ದು ಅಂತ ನಮ್ಮೂರಲ್ಲಿ ಎತ್ತಿಗೂ ಗೊತ್ತಲ್ಲೋ" ಎಂದರು. ಎಳೆಯುವ ಗಾಡಿ ಬರಲು ಐದು ಗಂಟೆ ಹಿಡಿಯಿತು. ಆ ಬಿಲ್ಲಿನಲ್ಲಿ ಒಳ್ಳೆಯ ಹೋಟೆಲಿನಲ್ಲಿ ವಾರ ಇರಬಹುದಿತ್ತು. ಕಾರನ್ನು ಗಟ್ಟಿ ನೆಲದಲ್ಲಿ ಬಿಡಿ, ಮೊದಲು ನಡೆದು ನೋಡಿ. ಹಿಮ್ಮಡಿ ಊರಿ ತುಳಿದಾಗ ನೆಲ ತಗ್ಗಿದರೆ ಅಲ್ಲಿಗೆ ಕಾರು ಬೇಡ.

ಪಾತ್ರೆ, ಸ್ನಾನ, ಶೌಚ

ಹೊಳೆಯಲ್ಲಿ ಪಾತ್ರೆ ತೊಳೆದು ಬೆಳೆದವರಿಗೆ ಇದು ಕಷ್ಟ. ಸೋಪು, ಅನ್ನದ ಅಗುಳು, ಸಾರಿನ ಚರಟ ಯಾವುದೂ ನೀರಿಗೆ ಬೀಳಬಾರದು. ಬಕೆಟ್ಟಿನಲ್ಲಿ ನೀರು ಹೊತ್ತು 70 ಹೆಜ್ಜೆ ಆಚೆ ಹೋಗಿ, ಪಾತ್ರೆ ತೊಳೆದು, ನೀರನ್ನು ಸೋಸಿ ಚೆಲ್ಲಿ. ಸೋಸಿದ ಅಗುಳು ಕಸದ ಚೀಲಕ್ಕೆ, ಚೀಲ ನಿಮ್ಮ ಜೊತೆ ಮನೆಗೆ. ನದಿಗೆ ಅರಿಸಿನ ಕುಂಕುಮ, ಹೂವು ಬಿಡುವ ಅಮ್ಮಂದಿರಿಗೆ ಕೈಮುಗಿದು ಬೇಡ ಎನ್ನಿ. ನಾನು ಹೇಳಿ ಬೈಸಿಕೊಂಡಿದ್ದೇನೆ.

ಶೌಚಕ್ಕೆ ನೀರು, ಕಾಲುದಾರಿ, ಬಿಡಾರ ಮೂರರಿಂದಲೂ 200 ಅಡಿ ದೂರ, 6ರಿಂದ 8 ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಕಾಗದವನ್ನು ಚೀಲದಲ್ಲಿ ವಾಪಸ್ ತನ್ನಿ. ಲೇಕ್ ಪವೆಲ್ ದಂಡೆಯಿಂದ ಕಾಲು ಮೈಲಿಯೊಳಗೆ ತಂಗುವವರಿಗೆ ಈ ಗುಂಡಿಯೂ ಇಲ್ಲ. ಹತ್ತಿರ ಶೌಚಾಲಯ ಇಲ್ಲದಿದ್ದರೆ ಪೋರ್ಟಬಲ್ ಟಾಯ್ಲೆಟ್ಟೋ ಅದಕ್ಕೆಂದೇ ಸಿಗುವ ಚೀಲವೋ ಜೊತೆಯಲ್ಲಿರಲೇಬೇಕು. ವಯಸ್ಸಾದವರು ಜೊತೆಗಿದ್ದರೆ ಮಡಚುವ ಟಾಯ್ಲೆಟ್ ಕುರ್ಚಿ ಕೊಳ್ಳಿ, ಮಂಡಿ ನೋವಿನವರನ್ನು ಗುಂಡಿಯ ಮೇಲೆ ಕೂರಿಸಬೇಡಿ.

ಉಳಿದದ್ದು ಬೇಗ ಬೇಗ

ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್, ಮನೆಯಿಂದಲೇ ಒಯ್ಯಿರಿ. ನದಿ ನೀರು ಅನಿವಾರ್ಯವಾದರೆ ಕುದಿ ಬಂದ ಮೇಲೆ ಒಂದು ನಿಮಿಷ, 6,500 ಅಡಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ. ಹಸಿರು ಪಾಚಿ ಬಣ್ಣದಂತೆ ತೇಲುತ್ತಿದ್ದರೆ ಆ ನೀರು ಮುಟ್ಟಬೇಡಿ, ಅದರ ವಿಷ ಕುದಿಸಿದರೂ ಹೋಗುವುದಿಲ್ಲ.

ಬೆಂಕಿ: ಬೇಸಿಗೆಯಲ್ಲಿ ನಿರ್ಬಂಧ ಇದೆಯೇ ಎಂದು ಹೊರಡುವ ದಿನವೇ ನೋಡಿ, ಇದ್ದರೆ ಇದ್ದಿಲೊಲೆಯೂ ಬೇಡ. ಕ್ಯಾಲಿಫೋರ್ನಿಯಾದ ಸರ್ಕಾರಿ ನೆಲದಲ್ಲಿ ಗ್ಯಾಸ್ ಸ್ಟೋವಿಗೂ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು, ಉಚಿತ. ಆರಿಸುವಾಗ ನೀರು ಸುರಿದು, ಕಲಕಿ, ಕೈಯಿಟ್ಟು ತಣ್ಣಗಾಗಿದೆಯೇ ನೋಡಿ.

ಕರಡಿ ಇರುವ ಕಾಡಿನಲ್ಲಿ ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಟೆಂಟಿನೊಳಗೆ ಮಲಗಬೇಡಿ. ಗಾಳಿ ತುಂಬುವ ದೋಣಿ ಒಯ್ದರೆ ಲೇಕ್ ಪವೆಲ್ ಬಿಡುವ ಮೊದಲು ತೊಳೆದು, ನೀರು ಬಸಿದು, ಒಣಗಿಸಿ. ಅಲ್ಲಿ ಕ್ವಾಗಾ ಎಂಬ ಚಿಪ್ಪುಜೀವಿಯ ಕಾಟವಿದೆ.

ಕೊನೆಯದಾಗಿ, ನಕ್ಷೆ ಏನೇ ಹೇಳಲಿ, ಆ ಜಾಗದ ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿ. "ಈ ವಾರ ಇಲ್ಲಿ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಇದೆಯಾ, ರಸ್ತೆ ಹೇಗಿದೆ, ಬೆಂಕಿ ಬಿಡ್ತಾರಾ" ಎಂಬ ಮೂರು ಪ್ರಶ್ನೆ ಸಾಕು. ಶನಿವಾರ, ಭಾನುವಾರ ಬಹಳಷ್ಟು ಕಚೇರಿಗಳು ಮುಚ್ಚಿರುತ್ತವೆ. ಗುರುವಾರವೇ ಮಾಡಿ.