ಡಾಕ್ಟರ್ ಇವತ್ತು ಸಿಗ್ತಾರಾ?

ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಕೊಡಿ ಅಂದ ತಕ್ಷಣ ನಮ್ಮಲ್ಲಿ ಒಂದೆರಡು ಟೀಮಾದರೂ ‘ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಅಂತ ಬರೆದು ಕೊಡುತ್ತೇವೆ. ಲಾಗಿನ್ ಪೇಜ್, ಅಡ್ಮಿನ್ ಪ್ಯಾನೆಲ್, ನಾಲ್ಕು ಟೇಬಲ್, ಮುಗೀತು. ಆ ಸೈಟನ್ನು ರೋಗಿ ತೆರೆದರೆ ಅವರಿಗೆ ಏನು ಸಿಗಬೇಕು ಅನ್ನೋದನ್ನ ಮಾತ್ರ ಯಾರೂ ಜಾಸ್ತಿ ಕೇಳಲ್ಲ. ಈ ಸಲ ಅದನ್ನೇ ನೋಡೋಣ.

ರೋಗಿ ಬರುವುದು ಕ್ಲಿನಿಕ್ಕಿನ ‘ವಿಷನ್, ಮಿಷನ್’ ಓದಲಿಕ್ಕಲ್ಲ. ಡಾಕ್ಟರ್ ಇವತ್ತು ಇದ್ದಾರಾ, ಎಷ್ಟು ಹೊತ್ತಿಗೆ ಬರಬೇಕು, ಫೀಸ್ ಎಷ್ಟು, ಹಳೇ ರಿಪೋರ್ಟ್ ತರಬೇಕಾ, ಖಾಲಿ ಹೊಟ್ಟೆಯಲ್ಲಿ ಬರಬೇಕಾ, ಇಷ್ಟೇ. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ತೆಗೆದುಕೊಂಡಿರಬಾರದು. ಹಳ್ಳಿಯಿಂದ ಬೆಳಗ್ಗೆ ಆರರ ಬಸ್ಸಿಗೆ ಹೊರಟವರು ಬಸ್‌ಸ್ಟ್ಯಾಂಡಲ್ಲಿ ಎರಡು ಇಡ್ಲಿ, ಒಂದು ಕಾಫಿ ತಗೊಂಡರೆ ಆ ದಿನ ಆ ಟೆಸ್ಟ್ ಆಗಲ್ಲ. ಬಸ್ ಚಾರ್ಜ್ ಹೋಯ್ತು, ಒಂದು ದಿನದ ಕೂಲಿಯೂ ಹೋಯ್ತು. ಸೈಟಲ್ಲಿ ಒಂದು ಸಾಲು ಇದ್ದಿದ್ದರೆ ಮನೆಯಲ್ಲಿ ಫೋನ್ ಇರೋ ಮಗಳೋ ಮೊಮ್ಮಗನೋ ಓದಿ ಹೇಳುತ್ತಿದ್ದರು.

ಆ ಸಾಲು ಕನ್ನಡದಲ್ಲಿರಬೇಕು, ಅದೂ ಅಕ್ಷರವಾಗಿ. ಎಷ್ಟೋ ಸೈಟುಗಳಲ್ಲಿ ಕನ್ನಡ ಅಂದರೆ ಡಿಸೈನರ್ ಮಾಡಿಕೊಟ್ಟ ಒಂದು ಪೋಸ್ಟರ್ ಚಿತ್ರ. ಚಿತ್ರದೊಳಗಿನ ಅಕ್ಷರವನ್ನು ಕಾಪಿ ಮಾಡಿ ವಾಟ್ಸಾಪಲ್ಲಿ ಕಳಿಸೋಕೆ ಕಷ್ಟ, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಅದು ಸರಿಯಾಗಿ ಸಿಗಲ್ಲ. ಹಳೇ ನಾನ್-ಯೂನಿಕೋಡ್ ಫಾಂಟಲ್ಲಿ ಟೈಪ್ ಮಾಡಿದ್ದಾದರೆ ಇನ್ನೂ ಚೆಂದ: ಆ ಫಾಂಟ್ ಇಲ್ಲದ ಫೋನಲ್ಲಿ ಬರೀ ಅಡ್ಡಾದಿಡ್ಡಿ ಚಿಹ್ನೆ! ಯೂನಿಕೋಡಿನಲ್ಲಿ ಕನ್ನಡಕ್ಕೇ 128 ಕೋಡ್ ಪಾಯಿಂಟುಗಳ ಬ್ಲಾಕ್ ಇರುವಾಗ ಈ ಕಷ್ಟ ಯಾಕೆ? ಇನ್ನೊಂದು ಮಾತು. ‘ಪೋಸ್ಟ್ ಪ್ರಾಂಡಿಯಲ್’ ಅಂತ ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಯಾರಿಗೂ ಅರ್ಥ ಆಗಲ್ಲ. ‘ಊಟ ಆಗಿ ಎರಡು ಗಂಟೆಗೆ ರಕ್ತ ಕೊಡಬೇಕು’ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಇಂಗ್ಲಿಷ್ ಮೀಡಿಯಮ್ಮಿನ ನಮಗೂ.

ಇನ್ನು ಅಪಾಯಿಂಟ್‌ಮೆಂಟ್. ಇಬ್ಬರು ಒಂದೇ ಕ್ಷಣದಲ್ಲಿ 10.30ರ ಸ್ಲಾಟ್ ಒತ್ತಿದರೆ? ಮೊದಲು ‘ಖಾಲಿ ಇದೆಯಾ’ ಅಂತ ನೋಡಿ ಆಮೇಲೆ ಇನ್ಸರ್ಟ್ ಮಾಡುವ ಕೋಡಲ್ಲಿ ಇಬ್ಬರಿಗೂ ಖಾಲಿ ಅಂತಲೇ ಕಾಣಬಹುದು. ಡಾಕ್ಟರ್ ಐಡಿ, ತಾರೀಖು, ಸಮಯ ಮೂರನ್ನೂ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿದರೆ ಎರಡನೆಯದನ್ನು ಡೇಟಾಬೇಸೇ ವಾಪಸ್ ಕಳಿಸುತ್ತೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಆನ್‌ಲೈನ್ ರಿಜಿಸ್ಟ್ರೇಷನ್ ಸಿಸ್ಟಮ್, ಅಂದರೆ ಓಆರ್‌ಎಸ್, 2015ರಿಂದ ಇದೆ. ಭೇದಿ ಆದಾಗ ನೀರಲ್ಲಿ ಕಲಸಿ ಕುಡಿಯೋ ಓಆರ್‌ಎಸ್ ಬೇರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರಲ್ಲಿದೆ. ಈಗ 14 ಅಂಕಿಯ ಆಭಾ ನಂಬರ್ ಇದ್ದವರು ಕೆಲವು ಆಸ್ಪತ್ರೆಗಳ ಓಪಿಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತಗೋಬಹುದು, ಹೆಸರು ವಿಳಾಸ ಮತ್ತೆ ಬರೆಸಬೇಕಿಲ್ಲ.

ನಮ್ಮ ಪ್ರಕಾರ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸೋ ಭಾಗ ರಿಪೋರ್ಟ್ ಡೌನ್‌ಲೋಡ್. ಲಿಂಕಿನ ಕೊನೆಯಲ್ಲಿ 1042 ಅಂತಿದೆ ಅಂದುಕೊಳ್ಳಿ. ಅದನ್ನು 1043 ಮಾಡಿ ಎಂಟರ್ ಒತ್ತಿದರೆ ಬೇರೆ ಯಾರದ್ದೋ ರಿಪೋರ್ಟ್ ತೆರೆದುಕೊಂಡರೆ? ಅದು ಎಚ್‌ಐವಿ ಟೆಸ್ಟಿನದ್ದಿರಬಹುದು, ಪ್ರೆಗ್ನೆನ್ಸಿಯದ್ದಿರಬಹುದು, ಪಕ್ಕದ ಬೀದಿಯವರದ್ದೇ ಇರಬಹುದು. ಲಾಗಿನ್ ಇದ್ದರೆ ಸಾಕಾಗಲ್ಲ, ಎಚ್‌ಟಿಟಿಪಿಎಸ್ ಇದ್ದರೂ ಸಾಕಾಗಲ್ಲ. ಪ್ರತಿ ರಿಕ್ವೆಸ್ಟಿಗೂ ‘ಈ ರಿಪೋರ್ಟ್ ಈ ವ್ಯಕ್ತಿಯದ್ದೇನಾ’ ಅಂತ ಸರ್ವರ್ ಕೇಳಲೇಬೇಕು. ವೈಯಕ್ತಿಕ ಡೇಟಾಗೆ ತಕ್ಕ ಭದ್ರತೆ ಕೊಡಬೇಕು ಅಂತ 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲೂ ಇದೆ. ಕೋಡಲ್ಲಿ ಇದು ಒಂದು ಇಫ್ ಕಂಡಿಷನ್, ಅಷ್ಟೇ.

‘ನಮ್ಮನ್ನು ಸಂಪರ್ಕಿಸಿ’ ಫಾರ್ಮ್ ಕೂಡ ಹಾಗೇ, ನೋಡೋಕೆ ಪಾಪದ್ದು. ರಾತ್ರಿ ಹನ್ನೊಂದಕ್ಕೆ ಯಾರೋ ಅದರಲ್ಲಿ ‘ಅಪ್ಪನಿಗೆ ಎದೆನೋವು’ ಅಂತ ಬರೆದು ಸಬ್ಮಿಟ್ ಮಾಡಿ ಉತ್ತರಕ್ಕೆ ಕಾಯುತ್ತಾ ಕೂತರೆ, ಆ ಮೇಲ್ ಓಪನ್ ಆಗೋದು ಬೆಳಗ್ಗೆ ಹತ್ತಕ್ಕೆ. ಫಾರ್ಮಿನ ಮೇಲೆಯೇ ‘ತುರ್ತು ಇದ್ದರೆ ಇಲ್ಲಿ ಬರೆಯಬೇಡಿ, 108ಕ್ಕೆ ಕರೆ ಮಾಡಿ’ ಅಂತ ದಪ್ಪಕ್ಷರದಲ್ಲಿ ಹಾಕಿ, ಆ ನಂಬರ್ ಒತ್ತಿದರೆ ನೇರ ಕಾಲ್ ಹೋಗುವಂತೆ ಮಾಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಡಾಕ್ಟರ್ ರಜೆ ಹಾಕಿದ ದಿನ ಸೈಟು ‘ಲಭ್ಯ’ ಅಂತಲೇ ತೋರಿಸಬಹುದು. ಅದನ್ನು ಬದಲಾಯಿಸೋದು ನಾವಲ್ಲ, ರಿಸೆಪ್ಷನ್‌ನಲ್ಲಿ ಕೂತಿರೋ ಅಕ್ಕ. ಒಂದು ಕೈಯಲ್ಲಿ ಫೋನ್, ಎದುರಿಗೆ ಹತ್ತು ಜನ. ಅವರಿಗೆ ಹದಿನೆಂಟು ಮೆನುಗಳ ಅಡ್ಮಿನ್ ಪ್ಯಾನೆಲ್ ಕೊಟ್ಟರೆ ಅವರು ಅದನ್ನು ತೆರೆಯೋದೇ ಇಲ್ಲ. ಅವರ ಮೊಬೈಲಲ್ಲಿ ‘ಇವತ್ತು ಡಾಕ್ಟರ್ ಇಲ್ಲ’ ಅನ್ನೋ ಒಂದು ದೊಡ್ಡ ಬಟನ್ ಇರಲಿ. ಒತ್ತಿದರೆ ಹೋಮ್ ಪೇಜ್ ಬದಲಾಗಬೇಕು, ಆವತ್ತು ಬುಕ್ ಮಾಡಿದವರಿಗೆಲ್ಲ ಬಸ್ ಹತ್ತೋ ಮೊದಲೇ ಕನ್ನಡದಲ್ಲಿ ಎಸ್‌ಎಂಎಸ್ ಹೋಗಬೇಕು.