ಹಿರಿಯರ ನೆನಪಿನ ವಸ್ತು ಯಾರ ಪಾಲು?

ಬದ್ರ್ ಯುದ್ಧ ಮುಗಿದಿತ್ತು. ಹಿಜರಿ 2ನೆಯ ವರ್ಷದ ರಮಝಾನ್ ತಿಂಗಳಲ್ಲಿ ನಡೆದ ಆ ಯುದ್ಧದಲ್ಲಿ ಮಕ್ಕಾದ ಸುಮಾರು 70 ಮಂದಿ ಸೆರೆ ಸಿಕ್ಕಿದ್ದರು. ಅವರಲ್ಲಿ ಅಬುಲ್ ಆಸ್ ಎಂಬವರೂ ಒಬ್ಬರು. ಪ್ರವಾದಿ ಮುಹಮ್ಮದ್(ಸ)ರ ಮಗಳು ಹಝ್ರತ್ ಝೈನಬ್(ರ)ರ ಪತಿಯಾದ ಅವರು ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಸೆರೆಯಾಳುಗಳ ಬಿಡುಗಡೆಗಾಗಿ ಮಕ್ಕಾದ ಮನೆಮನೆಗಳಿಂದ ಹಣ ಬರತೊಡಗಿತು. ಝೈನಬ್(ರ)ರು ಪತಿಯ ಬಿಡುಗಡೆಗೆಂದು ಕಳುಹಿಸಿದ ಹಣದೊಂದಿಗೆ ಒಂದು ಕೊರಳಹಾರವೂ ಇತ್ತು. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ತಾಯಿ ಹಝ್ರತ್ ಖದೀಜಾ(ರ) ಅವರಿಗೆ ಕೊಟ್ಟಿದ್ದ ಹಾರ ಅದು.

ಖದೀಜಾ(ರ) ತೀರಿಹೋಗಿ ಆಗ ಸುಮಾರು 5 ವರ್ಷಗಳಾಗಿದ್ದವು. ಹಾರವನ್ನು ಕಂಡೊಡನೆ ಪ್ರವಾದಿವರ್ಯರ(ಸ) ಹೃದಯ ಕರಗಿಹೋಯಿತೆಂದು ಈ ಘಟನೆಯನ್ನು ವರದಿ ಮಾಡಿದ ಹಝ್ರತ್ ಆಯಿಶಾ(ರ) ತಿಳಿಸುತ್ತಾರೆ. ಅಬೂದಾವೂದ್‌ನಲ್ಲಿ ಈ ವರದಿಯಿದೆ.

ಓದುಗ ಬಂಧುಗಳೇ, ಈ ಘಟನೆಯನ್ನು ತಾವು ಹಲವು ಬಾರಿ ಕೇಳಿರಬಹುದು. ಪ್ರವಾದಿವರ್ಯರಿಗೆ(ಸ) ಖದೀಜಾ(ರ)ರ ಮೇಲೆ ಎಷ್ಟು ಪ್ರೀತಿಯಿತ್ತೆಂಬುದಕ್ಕೆ ನಮ್ಮ ಉಪದೇಶಕರು ಇದನ್ನು ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿ. ಆದರೆ ಅನಂತರ ನಡೆದುದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಪ್ರವಾದಿವರ್ಯರು(ಸ) ಮದೀನಾದ ನಾಯಕರು. ಅವರ ಮಾತೇ ಆಜ್ಞೆ. ಹಾರ ಅವರ ಪತ್ನಿಯದ್ದಾಗಿತ್ತು, ಈಗ ಅವರ ಮಗಳದ್ದು. ಸುಮ್ಮನೆ ಎತ್ತಿ ಪಕ್ಕಕ್ಕಿಟ್ಟಿದ್ದರೆ ಯಾರು ತಾನೇ ಪ್ರಶ್ನಿಸುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ಬಿಡುಗಡೆಯ ಧನದ ಮೇಲೆ ಇತರ ಮುಸ್ಲಿಮರ ಹಕ್ಕಿತ್ತು. ಆದ್ದರಿಂದ ಸಹಾಬಿಗಳ ಕಡೆಗೆ ತಿರುಗಿ, ನಿಮಗೆ ಸರಿಯೆನಿಸಿದರೆ ಆಕೆಯ ಸೆರೆಯಾಳನ್ನು ಬಿಡುಗಡೆ ಮಾಡಿ ಆಕೆಯ ವಸ್ತುವನ್ನು ಆಕೆಗೇ ಮರಳಿಸಬಹುದಲ್ಲವೇ ಎಂದು ಕೇಳಿದರು. ಅವರು ಸಂತೋಷದಿಂದ ಒಪ್ಪಿದರು. ಹಾರ ಮಕ್ಕಾಕ್ಕೆ ಮರಳಿತು.

ಕಣ್ಣು ತೇವವಾಗಿರುವಾಗಲೂ ಇತರರ ಹಕ್ಕು ಕಣ್ಮರೆಯಾಗಲಿಲ್ಲ. ಈ ಸಣ್ಣ ಸಂಗತಿಯನ್ನು ಹಲವು ವರ್ಷ ಪಾಠ ಹೇಳಿದ ನಾನೇ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದ್ದು ಒಂದು ಕೈಗಡಿಯಾರ.

ನನ್ನ ಅಬ್ಬಾ ಮಲೆನಾಡಿನ ಒಂದು ಪುಟ್ಟ ಊರಿನ ಸಾಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಕೈಯಲ್ಲಿ ಸದಾ ಒಂದು ಎಚ್.ಎಂ.ಟಿ. ಜನತಾ ವಾಚು ಇರುತ್ತಿತ್ತು. ಫಜ್ರ್ ನಮಾಝ್ ಮುಗಿಸಿ ಬಂದು ಚಾಪೆಯ ಮೇಲೆ ಕುಳಿತು ಅದಕ್ಕೆ ಕೀ ಕೊಡುವುದು ಅವರ ದಿನದ ಮೊದಲ ಕೆಲಸ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಝನ್ ಕಂಪೆನಿಯ ನೆರವಿನಿಂದ ಆರಂಭವಾದ ಆ ವಾಚುಗಳ ತಯಾರಿಕೆಯನ್ನು ನಿಲ್ಲಿಸಲು 2016ರಲ್ಲಿ ಕೇಂದ್ರ ಸರಕಾರ ನಿರ್ಧರಿಸಿತು. ಈಗ ಹಳೆಯ ಜನತಾ ವಾಚುಗಳನ್ನು ಹುಡುಕಿ ಹುಡುಕಿ ಸಂಗ್ರಹಿಸುವವರಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. 2009ರಲ್ಲಿ ಅಬ್ಬಾ ತೀರಿಕೊಂಡರು. ನಾಲ್ಕನೆಯ ದಿನ ನಾನು ಆ ವಾಚನ್ನು ಕೈಗೆ ಕಟ್ಟಿಕೊಂಡೆ. ನಾನು ಒಬ್ಬನೇ ಮಗ. ಯಾರನ್ನೂ ಕೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ.

ಹಲವು ವರ್ಷಗಳ ನಂತರ ಒಂದು ಈದುಲ್ ಫಿತ್ರ್‌ನ ಮಧ್ಯಾಹ್ನ, ಶೀರ್‌ಖುರ್ಮಾ ಕುಡಿದು ಎಲ್ಲರೂ ಹರಟುತ್ತಿದ್ದಾಗ ತಂಗಿ ನನ್ನ ಕೈಯನ್ನು ಹಿಡಿದು ವಾಚನ್ನು ಕಿವಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಬ್ಬಾ ನನ್ನನ್ನು ಮಲಗಿಸುವಾಗ ಇದನ್ನೇ ಕೇಳಿಸುತ್ತಿದ್ದರು ಭಾಯಿ" ಎಂದಳು. ಕೈ ಬಿಟ್ಟು ಅಡುಗೆಮನೆಗೆ ಹೋದಳು. ಅಬ್ಬಾ ತೀರಿಕೊಂಡಾಗ ಅವಳಿಗೆ 9 ವರ್ಷ.

ಮರುದಿನ ಮದ್ರಸದಲ್ಲಿ ಪಾಠವಿರಲಿಲ್ಲ. ನಾನು ಸುಮ್ಮನೆ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಅಬ್ಬಾರ ತಂದೆ ತಾಯಿ ಮೊದಲೇ ತೀರಿಹೋಗಿದ್ದರು. ಸಾಲವಿರಲಿಲ್ಲ, ವಸಿಯ್ಯತ್ ಇರಲಿಲ್ಲ. ವಾರಸುದಾರರು ಅಮ್ಮಿ, ನಾನು, ಆಪಾ ಮತ್ತು ತಂಗಿ. ಅಮ್ಮಿಗೆ ಎಂಟನೆಯ ಒಂದು ಪಾಲು. ಮಿಕ್ಕದ್ದರಲ್ಲಿ ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದೊಂದು. ಒಟ್ಟು 32 ಪಾಲು ಮಾಡಿದರೆ ಅಮ್ಮಿಗೆ 4, ನನಗೆ 14, ಆಪಾಗೆ 7, ತಂಗಿಗೆ 7. ಅಂದರೆ ನನ್ನ ಕೈಯಲ್ಲಿದ್ದ ಆ ವಾಚಿನ 32 ಪಾಲುಗಳಲ್ಲಿ 18 ನನ್ನದಲ್ಲ. ಅರ್ಧಕ್ಕಿಂತ ಹೆಚ್ಚು! ಅದನ್ನು ಕಟ್ಟಿಕೊಂಡೇ ನಾನು ಮಕ್ಕಳಿಗೆ ಫರಾಯಿಝ್ ಪಾಠ ಹೇಳುತ್ತಿದ್ದೆ.

ಇಷ್ಟು ಸಣ್ಣ ವಸ್ತುವಿಗೂ ಈ ಲೆಕ್ಕವೇ ಎಂದು ತಾವು ಕೇಳಬಹುದು. ಸೂರಃ ಅನ್ನಿಸಾದ 7ನೆಯ ಸೂಕ್ತವನ್ನು ತೆರೆದು ನೋಡಿರಿ. ತಂದೆತಾಯಿ ಮತ್ತು ಆಪ್ತ ಬಂಧುಗಳು ಬಿಟ್ಟುಹೋದುದರಲ್ಲಿ ಪುರುಷರಿಗೂ ಪಾಲಿದೆ, ಸ್ತ್ರೀಯರಿಗೂ ಪಾಲಿದೆ ಎಂದು ಹೇಳಿದ ಅಲ್ಲಾಹನು, ಅದು ಅಲ್ಪವಿರಲಿ ಅಧಿಕವಿರಲಿ ಎಂಬುದನ್ನೂ ಸೇರಿಸಿದ್ದಾನೆ. ಹೊಲ, ಮನೆ, ಚಿನ್ನದ ವಿಷಯದಲ್ಲಿ ನಾವು ಜಗಳವಾಡಿಯಾದರೂ ಪಾಲು ಮಾಡುತ್ತೇವೆ. ಅಲ್ಪವೆನಿಸಿದ್ದನ್ನು ಮೊದಲು ಕೈಹಾಕಿದವನು ಒಯ್ಯುತ್ತಾನೆ. ತಸ್ಬೀಹ್, ಕನ್ನಡಕ, ಹೊಲಿಗೆ ಯಂತ್ರ, ಪಾನ್‌ದಾನ್, ಅಜ್ಜಿಯ ಕೈಯ ಟಿಪ್ಪಣಿಗಳಿರುವ ಮುಸ್‌ಹಫ್. ಮನೆಗಳಲ್ಲಿ ಮಾತು ನಿಂತುಹೋಗುವುದು ಹೆಚ್ಚಾಗಿ ಇವುಗಳಿಂದಲೇ ಎಂಬುದು ನನ್ನ ಅನುಭವ. ಹೊಲದ ಜಗಳಕ್ಕೆ ಪಂಚಾಯಿತಿ ಸೇರುತ್ತದೆ. ತಾಯಿಯ ಪಾನ್‌ದಾನ್ ಬೇಕೆಂದು ಮಗಳು ಯಾರ ಮುಂದೆ ಹೇಳಿಕೊಳ್ಳುವಳು?

"ಯಾರೂ ಬೇಡವೆನ್ನಲಿಲ್ಲ" ಎಂಬ ನನ್ನ ಸಮಾಧಾನವೂ ನಿಲ್ಲುವುದಿಲ್ಲ. ನಾಚಿಕೆಯಿಂದ, ಸಂಕೋಚದಿಂದ ಸುಮ್ಮನಿದ್ದವರಿಂದ ಪಡೆದದ್ದು ಮನಃಪೂರ್ವಕ ಒಪ್ಪಿಗೆಯಲ್ಲವೆಂದು ಉಲಮಾಗಳು ಎಚ್ಚರಿಸಿದ್ದಾರೆ. ಅಪ್ರಾಪ್ತ ಮಗುವಿನ ವಿಷಯವಂತೂ ಇನ್ನೂ ಗಂಭೀರ. ಆ ಮಗುವಿನ ಪಾಲನ್ನು ತಾಯಿಯಾಗಲಿ ಅಣ್ಣನಾಗಲಿ ಬಿಟ್ಟುಕೊಡುವಂತಿಲ್ಲ. ಮಗು ತಾನೇ "ತೆಗೆದುಕೋ" ಎಂದರೂ ಆ ಮಾತಿಗೆ ಬೆಲೆಯಿಲ್ಲ. ದೊಡ್ಡವಳಾದ ಮೇಲೆ ಅವಳನ್ನು ಕೇಳಬೇಕು.

ಇನ್ನೊಂದು ಕಡೆಯಿಂದಲೂ ನಾವು ಎಡವುತ್ತೇವೆ. ತಾಯಿ ಬಳೆಯನ್ನು ತೋರಿಸಿ "ಇದು ನಿನಗೇ" ಎಂದು ಕಿರಿಯ ಮಗಳಿಗೆ ಹೇಳಿರುತ್ತಾಳೆ. ಬಳೆ ತಾಯಿಯ ಪೆಟ್ಟಿಗೆಯಲ್ಲೇ ಇರುತ್ತದೆ. ತಾಯಿ ಹೋದ ಮೇಲೆ ಮಗಳು ಅದು ತನ್ನದೆನ್ನುತ್ತಾಳೆ. ಹಝ್ರತ್ ಅಬೂಬಕರ್(ರ) ತಮ್ಮ ತೋಟದ 20 ವಸಕ್ ಖರ್ಜೂರವನ್ನು ಮಗಳು ಆಯಿಶಾ(ರ)ರಿಗೆ ಕೊಡುಗೆಯಾಗಿ ಹೇಳಿದ್ದರು. ಆಯಿಶಾ(ರ) ಅದನ್ನು ಕೊಯ್ದು ವಶಕ್ಕೆ ತೆಗೆದುಕೊಂಡಿರಲಿಲ್ಲ. ಮರಣಶಯ್ಯೆಯಲ್ಲಿದ್ದ ತಂದೆ ಮಗಳನ್ನು ಕರೆದು, ನೀನು ಅದನ್ನು ಆಗಲೇ ವಶಕ್ಕೆ ಪಡೆದಿದ್ದರೆ ನಿನ್ನದಾಗುತ್ತಿತ್ತು, ಇಂದು ಅದು ವಾರಸುದಾರರ ಸೊತ್ತು, ನಿನ್ನ ಇಬ್ಬರು ಸಹೋದರರು ಮತ್ತು ಇಬ್ಬರು ಸಹೋದರಿಯರು ಇದ್ದಾರೆ ಎಂದರು. ಆಯಿಶಾ(ರ)ರಿಗೆ ಆಶ್ಚರ್ಯ. ಅವರಿಗಿದ್ದ ಸಹೋದರಿ ಅಸ್ಮಾ(ರ) ಒಬ್ಬರೇ. ಇನ್ನೊಬ್ಬಳು ಯಾರು? ಅಬೂಬಕರ್(ರ)ರ ಪತ್ನಿ ಆಗ ಗರ್ಭಿಣಿಯಾಗಿದ್ದರು. ಆ ಗರ್ಭದಲ್ಲಿರುವುದು ಹೆಣ್ಣೆಂದು ತನಗೆ ಅನಿಸುತ್ತದೆ ಎಂದು ಅವರು ಹೇಳಿದರು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಇದು ದಾಖಲಾಗಿದೆ. ಲೋಕವನ್ನೇ ಕಾಣದ ಕೂಸಿನ ಪಾಲನ್ನೂ ಆ ತಂದೆ ಮರೆಯಲಿಲ್ಲ, ಅದೂ ಅಷ್ಟು ಪ್ರೀತಿಯ ಮಗಳ ಮುಂದೆ.

ಆದ್ದರಿಂದ ಕೊಡಬೇಕೆನಿಸಿದವರು ಕೈಯಲ್ಲಿ ಶಕ್ತಿಯಿರುವಾಗಲೇ ಕೊಟ್ಟುಬಿಡಿರಿ, ಎಲ್ಲ ಮಕ್ಕಳ ನಡುವೆ ನ್ಯಾಯ ಪಾಲಿಸಿ. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಕೊಡುಗೆ ನೀಡಿ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಲು ಕೇಳಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿಯಾ ಎಂಬ ಪ್ರಶ್ನೆ ಎದುರಾಯಿತು. ತಂದೆ ಆ ಕೊಡುಗೆಯನ್ನು ಹಿಂದಕ್ಕೆ ಪಡೆದರು. ಮಕ್ಕಳು ಬದುಕಿರುವಾಗ ಮೊಮ್ಮಗಳಿಗೆ ಏನಾದರೂ ಸೇರಬೇಕೆಂದಿದ್ದರೆ ವಸಿಯ್ಯತ್ ಬರೆದಿಡಬಹುದು; ಅದು ಸೊತ್ತಿನ ಮೂರನೆಯ ಒಂದು ಭಾಗವನ್ನು ಮೀರಬಾರದು. ವಾರಸುದಾರರಾದವರಿಗೆ ಮಾತ್ರ ಇತರರ ಒಪ್ಪಿಗೆಯಿಲ್ಲದೆ ವಸಿಯ್ಯತ್ ಸಲ್ಲದು.

ಬೀದರ್, ಕಲಬುರಗಿ ಕಡೆಯ ಹಳೆಯ ಮನೆಗಳಲ್ಲಿ ಬಿದ್ರಿ ಪಾನ್‌ದಾನ್‌ಗಳನ್ನು ತಾವು ಕಂಡಿರಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಬಳ್ಳಿ ಹೂ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ತಿಕ್ಕಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮದುವೆಯಲ್ಲಿ ಮಗಳಿಗೆ ಕೊಡುತ್ತಿದ್ದ ಇಂತಹ ಒಂದು ಪಾನ್‌ದಾನ್ ಮೂರು ಹೆಣ್ಣುಮಕ್ಕಳಿಗೆ ಬಂದರೆ ಒಡೆದು ಹಂಚಲಾದೀತೇ? ಶರೀಅತ್ ದಾರಿ ತೋರಿಸಿದೆ. ಬೆಲೆ ಕಟ್ಟಿಸಿ ಒಬ್ಬಳು ಇಟ್ಟುಕೊಂಡು ಉಳಿದವರ ಪಾಲನ್ನು ಹಣವಾಗಿ ಕೊಡಬಹುದು. ಎಲ್ಲರೂ ಒಪ್ಪಿದರೆ ಚೀಟಿ ಎತ್ತಬಹುದು. ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ಯಾವ ಪತ್ನಿ ಜೊತೆಗಿರಬೇಕೆಂದು ಚೀಟಿ ಎತ್ತುತ್ತಿದ್ದರು. ಸರದಿಯ ಮೇಲೆ ಇಟ್ಟುಕೊಳ್ಳುವುದಕ್ಕೂ ಫಿಕ್‌ಹ್‌ನಲ್ಲಿ ಅವಕಾಶವಿದೆ. ಅದಕ್ಕೆ ಮುಹಾಯಅ ಎಂದು ಹೆಸರು. ಈ ವರ್ಷ ಅಕ್ಕನ ಮನೆ, ಮುಂದಿನ ವರ್ಷ ತಂಗಿಯ ಮನೆ. ನನಗೆ ವೈಯಕ್ತಿಕವಾಗಿ ಇದೇ ಬಹಳ ಚೆಂದವೆನಿಸುತ್ತದೆ, ವಸ್ತುವಿನ ನೆಪದಲ್ಲಿ ಅಕ್ಕತಂಗಿಯರ ಹೋಗಿಬರುವಿಕೆಯೂ ಉಳಿಯುತ್ತದೆ.

ಹಾಗಾದರೆ ಸತ್ತವರ ವಸ್ತುವನ್ನು ಇಷ್ಟು ಹಚ್ಚಿಕೊಳ್ಳುವುದೇ ತಪ್ಪಲ್ಲವೇ ಎಂದು ಕೆಲವು ಯುವಕರು ಕೇಳುತ್ತಾರೆ. ಹಝ್ರತ್ ಅನಸ್(ರ)ರ ಬಳಿ ಪ್ರವಾದಿವರ್ಯರು(ಸ) ಬಳಸಿದ್ದ ಮರದ ಬಟ್ಟಲೊಂದಿತ್ತು. ಅದು ಸೀಳಿದಾಗ ಬೆಳ್ಳಿಯಿಂದ ಬೆಸೆದಿದ್ದರು. ಅದರ ಕಬ್ಬಿಣದ ಬಳೆಯನ್ನು ತೆಗೆದು ಚಿನ್ನದ್ದೋ ಬೆಳ್ಳಿಯದ್ದೋ ಹಾಕಬೇಕೆಂದು ಅನಸ್(ರ)ರಿಗೆ ಅನಿಸಿತು. ಪ್ರವಾದಿವರ್ಯರು(ಸ) ಇದ್ದಾಗ ಹೇಗಿತ್ತೋ ಹಾಗೆಯೇ ಇರಲಿ, ಬದಲಾಯಿಸಬೇಡ ಎಂದು ಅಬೂತಲ್ಹಾ(ರ) ತಡೆದರು. ಬಟ್ಟಲು ಹಾಗೆಯೇ ಉಳಿಯಿತು. ಬುಖಾರಿಯಲ್ಲಿರುವ ಈ ವರದಿಯನ್ನು ಓದುವಾಗ, ಹಳೆಯದಕ್ಕೆಲ್ಲ ಬಣ್ಣ ಬಳಿಸಿ ಹೊಸದು ಮಾಡಿಸುವ ನಮ್ಮ ಚಟದ ನೆನಪಾಗುತ್ತದೆ.

ಆದರೆ ಒಂದು ಗೆರೆ ಇದೆ. ಪ್ರವಾದಿವರ್ಯರ(ಸ) ವಸ್ತುಗಳಲ್ಲಿ ಸಹಾಬಿಗಳು ಬರಕತ್ ಕಂಡರೆಂದು, ನಮ್ಮ ಅಜ್ಜನ ಕೋಲಿಗೂ ಅದನ್ನು ಹೊಂದಿಸುವಂತಿಲ್ಲ. "ಈ ಪೆಟ್ಟಿಗೆ ಮನೆಯಿಂದ ಹೊರಗೆ ಹೋದರೆ ಸಿರಿ ಹೋಗುತ್ತದೆ" ಎಂದು ಹೆದರುವವರಿದ್ದಾರೆ. ಹಜರುಲ್ ಅಸ್ವದ್‌ನ ಮುಂದೆಯೇ ಹಝ್ರತ್ ಉಮರ್(ರ), ನೀನು ಕಲ್ಲು, ಲಾಭವನ್ನಾಗಲಿ ಹಾನಿಯನ್ನಾಗಲಿ ಮಾಡಲಾರೆ ಎಂಬರ್ಥದ ಮಾತನ್ನು ಹೇಳಿರುವಾಗ ಪೆಟ್ಟಿಗೆಯ ಪಾಡೇನು! ವಸ್ತು ಕಳೆದುಹೋಗಲೂಬಹುದು. ಪ್ರವಾದಿವರ್ಯರ(ಸ) ಬೆಳ್ಳಿಯ ಮುದ್ರೆಯುಂಗುರವೇ ಹಝ್ರತ್ ಉಸ್ಮಾನ್(ರ)ರ ಕಾಲದಲ್ಲಿ ಅರೀಸ್ ಬಾವಿಗೆ ಬಿತ್ತು. ಮೂರು ದಿನ ನೀರು ಸೇದಿ ಹುಡುಕಿದರೂ ಸಿಗಲಿಲ್ಲ.

ನೆನಪಿಗೆಂದು ಇಟ್ಟ ಚಿನ್ನಕ್ಕೆ ಝಕಾತ್ ಇಲ್ಲವೆಂಬ ತಪ್ಪು ತಿಳಿವಳಿಕೆಯೂ ಕೆಲವರಲ್ಲಿದೆ. ಹನಫಿ ಮದ್‌ಹಬ್‌ನಂತೆ ಧರಿಸುವ ಆಭರಣವೂ ಲೆಕ್ಕಕ್ಕೆ ಬರುತ್ತದೆ. ಚಿನ್ನದ ನಿಸಾಬ್ 7.5 ತೊಲೆ, ಅಂದರೆ 87.48 ಗ್ರಾಂ. ಕರಾವಳಿಯ ಶಾಫಿಈ ಬಂಧುಗಳಲ್ಲಿ ಸ್ತ್ರೀಯರು ವಾಡಿಕೆಯಂತೆ ಧರಿಸುವ ಆಭರಣಕ್ಕೆ ವಿನಾಯಿತಿಯಿದ್ದರೂ, ಧರಿಸುವ ಉದ್ದೇಶವೇ ಇಲ್ಲದೆ ನಿಧಿಯಾಗಿ ಕೂಡಿಟ್ಟದ್ದಕ್ಕೆ ಇಲ್ಲ. ಅವರವರ ಊರಿನ ಉಸ್ತಾದರಲ್ಲಿ ವಿಚಾರಿಸಿಕೊಳ್ಳಿರಿ.

ಈದ್‌ನ ಉಡುಗೊರೆಗಳ ಬಗ್ಗೆ ಒಂದು ಮಾತು. ಹಿಂದೆ ರಮಝಾನ್ ಕೊನೆಯ ಹತ್ತರಲ್ಲಿ ಅಂಚೆಯಣ್ಣ ಈದ್ ಕಾರ್ಡ್‌ಗಳ ಕಟ್ಟು ತರುತ್ತಿದ್ದ. ಮಸೀದಿಯ ಗುಮ್ಮಟ, ಅರ್ಧಚಂದ್ರ, ಗುಲಾಬಿ; ಒಳಗೆ ಎರಡು ಸಾಲು ಕೈಬರಹ. ಮೊಬೈಲು ಬಂದ ಮೇಲೆ ಅವು ಕಾಣೆಯಾದವು. ನೂರು ಜನರಿಗೆ ಒಂದೇ ಚಿತ್ರವನ್ನು ರವಾನಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಅದನ್ನು ಯಾರೂ ಪೆಟ್ಟಿಗೆಯಲ್ಲಿ ಎತ್ತಿಡುವುದಿಲ್ಲ. ನೆರೆಯವಳು ಕಳುಹಿಸಿದ್ದು ಕುರಿಯ ಗೊರಸೇ ಆಗಿದ್ದರೂ ಹೀಯಾಳಿಸಬಾರದೆಂದು ಪ್ರವಾದಿವರ್ಯರು(ಸ) ಸ್ತ್ರೀಯರಿಗೆ ಕಲಿಸಿದ್ದಾರೆ. ಈ ಸಲ ಮಕ್ಕಳಿಗೆ ಈದಿಯ ಹೊಸ ನೋಟಿನೊಂದಿಗೆ ತಮ್ಮ ಕೈಯಾರೆ ಎರಡು ಸಾಲು ಬರೆದು ಕೊಟ್ಟು ನೋಡಿರಿ. ನೋಟು ಸಂಜೆಯೊಳಗೆ ಖರ್ಚಾಗುತ್ತದೆ.

ಇನ್ನು ಆ ವಾಚಿನ ವಿಷಯ. ಮೊದಲು ಅಮ್ಮಿಯನ್ನು ಕೇಳಿದೆ. "ಒಂದು ಹಳೇ ವಾಚಿಗೂ ಫರಾಯಿಝೇ ಬೇಟಾ?" ಎಂದು ನಕ್ಕರು, ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಆಪಾಗೆ ಫೋನ್ ಮಾಡಿದೆ. "ನನ್ನದನ್ನು ಬಿಟ್ಟೆ ಕಣೋ, ಆದರೆ ಅಬ್ಬಾರ ಕನ್ನಡಕದ ಪೆಟ್ಟಿಗೆ ನನ್ನ ಬೀರುವಿನಲ್ಲಿದೆ, ಅದನ್ನು ಮಾತ್ರ ಕೇಳಬೇಡ" ಎಂದಳು. ಅದು ಅವಳಲ್ಲಿದೆಯೆಂದು ನಮಗಾರಿಗೂ ಗೊತ್ತೇ ಇರಲಿಲ್ಲ. ತಂಗಿ ಮಾತ್ರ ಕೂಡಲೇ ಉತ್ತರಿಸಲಿಲ್ಲ. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ, "ಭಾಯಿ, ನನಗೆ ಅದು ಬೇಕು. ಇಷ್ಟು ವರ್ಷ ಕೇಳಲು ಧೈರ್ಯವಾಗಲಿಲ್ಲ" ಎಂದಳು.

ವಾಚು ಒಯ್ದು ಕೊಡುವ ಮುನ್ನ ರಿಪೇರಿ ಅಂಗಡಿಗೆ ಕೊಂಡುಹೋದೆ. ಡಯಲಿನ ಮೇಲೆ ಕಲೆಯಿದೆ, ಹೊಸದನ್ನು ಹಾಕೋಣವೇ ಎಂದು ಅಂಗಡಿಯವನು ಕೇಳಿದ. ಬೇಡವೆಂದೆ, ಎಣ್ಣೆ ಮಾತ್ರ ಹಾಕಿಸಿದೆ. ಈಗ ಅದು ತಂಗಿಯ ಮನೆಯಲ್ಲಿದೆ. ಫಜ್ರ್ ಆದ ಮೇಲೆ ಅವಳ ಪುಟ್ಟ ಮಗ ಅದಕ್ಕೆ ಕೀ ಕೊಡುತ್ತಾನಂತೆ.