ಮೊದಲು ನೀವು ಓದಿ, ಆಮೇಲೆ ಮಗುವಿನ ಕೈಗೆ ಕೊಡಿ

ಹೊಸದಾಗಿ ಸಂಬಳ ಎಣಿಸುತ್ತಿರುವ ಹುಡುಗ ಹುಡುಗಿಯರು ಅಕ್ಕನ ಮಗುವಿಗೋ ಊರಿನಲ್ಲಿರುವ ತಮ್ಮನಿಗೋ ಪುಸ್ತಕ ಕೊಳ್ಳುವುದನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಆದರೆ ಅವರು ಆರಿಸುವ ರೀತಿ ನೋಡಿದಾಗ ಆತಂಕವೂ ಆಗುತ್ತದೆ. ರಕ್ಷಾಪುಟ ಮಿನುಗುತ್ತಿರಬೇಕು, ಹೆಸರಿನಲ್ಲಿ ‘ನೀತಿ’ ಎಂದಿರಬೇಕು, ಹತ್ತು ಪುಸ್ತಕಗಳ ಕಟ್ಟು ಅಗ್ಗಕ್ಕೆ ಸಿಗಬೇಕು. ಒಂದು ಪುಟವನ್ನೂ ತೆರೆಯದೆ ದುಡ್ಡು ಕೊಟ್ಟು ಹೊರಟುಬಿಡುತ್ತಾರೆ. ಮಕ್ಕಳೇ, ಅಂಗಡಿಯಲ್ಲಿಯೇ ನಿಂತು ನಾಲ್ಕು ಪುಟ ಓದಿ. ನಿಮಗೇ ಬೇಸರ ತರಿಸುವ ಕಥೆ ಆರು ವರ್ಷದ ಮಗುವನ್ನು ಹಿಡಿದು ಕೂರಿಸೀತೇ?

ಮಗುವನ್ನು ಹಿಡಿದು ಕೂರಿಸುವ ಗುಟ್ಟು ನಮ್ಮ ಹಳೆಯ ಕವಿಗಳಿಗೆ ಗೊತ್ತಿತ್ತು. ಪಂಜೆ ಮಂಗೇಶರಾಯರು ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆಯೇ ಬಾಳಿದವರು. ಅವರು ಹಾವಿನ ಮೇಲೆ ಹಾಡು ಕಟ್ಟಿದರು, ತೆಂಕಣ ಗಾಳಿಯ ಮೇಲೆ ಕಟ್ಟಿದರು. ಜಿ.ಪಿ. ರಾಜರತ್ನಂ ತುತ್ತೂರಿಯನ್ನೂ ನಾಯಿಮರಿಯನ್ನೂ ಕುಣಿಸಿದರು. ಕುವೆಂಪು ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವೊಂದನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ನಮ್ಮೂರಿಗೆ ಕರೆತಂದರು. ಎಪ್ಪತ್ತು ದಾಟಿದವರ ಬಾಯಲ್ಲಿ ಆ ಸಾಲುಗಳು ಇಂದಿಗೂ ಉಳಿದಿವೆ. ಅರ್ಥ ಬಿಡಿಸುವ ಮೊದಲೇ ಅವು ಕಿವಿಗೆ ಹತ್ತಿದ್ದವು. ಐದು ವರ್ಷದೊಳಗಿನ ಮಗು ಕಿವಿಯಿಂದಲೇ ಓದುತ್ತದೆ. ದೊಡ್ಡ ಚಿತ್ರವಿರುವ, ಪ್ರಾಸವಿರುವ ಪುಸ್ತಕ ತಂದು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಮುಗಿದ ಮೇಲೆ ‘ಇದರಿಂದ ಏನು ಕಲಿತೆ?’ ಎಂದು ಮಾತ್ರ ಕೇಳಬೇಡಿ.

ಅಕ್ಷರ ಕೂಡಿಸಲು ತೊಡಗಿದ ಮಗುವಿಗೆ ಚಿಕ್ಕ ವಾಕ್ಯ, ದಪ್ಪ ಅಕ್ಷರ ಬೇಕು. ಪ್ರಥಮ್ ಬುಕ್ಸ್‌ನವರು ಓದುವ ಶಕ್ತಿಗೆ ತಕ್ಕಂತೆ 1ರಿಂದ 4ರವರೆಗೆ ಹಂತ ಮಾಡಿ ಪುಸ್ತಕಗಳ ಮೇಲೆಯೇ ಅಚ್ಚು ಹಾಕಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯೂ ಕೈಗೆಟಕುವ ಬೆಲೆಯದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು, ಅದು ಬೆಂಗಳೂರಿನದಾಗಲಿ ಮುಂಬೈಯದಾಗಲಿ ಅಮೆರಿಕದ್ದಾಗಲಿ, ವಯಸ್ಸಿನಲ್ಲಿ ಹತ್ತಾಗಿದ್ದರೂ ಕನ್ನಡದ ಓದಿನಲ್ಲಿ ಆರರಲ್ಲೇ ಇರಬಹುದು. ಅದರ ಕೈಗೆ ಕಾಗಕ್ಕ ಗುಬ್ಬಕ್ಕನ ಕಥೆ ಕೊಟ್ಟರೆ ಅವಮಾನವಾಗುತ್ತದೆ, ಕಾದಂಬರಿ ಕೊಟ್ಟರೆ ಹಲ್ಲು ಮೂಡದ ಮಗುವಿಗೆ ಚಕ್ಕುಲಿ ಕೊಟ್ಟಂತಾಗುತ್ತದೆ. ಒಗಟು, ನಗೆಹನಿ, ಪ್ರಾಣಿಗಳ ಸಂಗತಿ, ಚಿತ್ರಕಥೆ ಕೊಡಿ. ವಾಕ್ಯ ಸುಲಭವಾಗಿರಲಿ, ವಿಷಯ ಅದರ ವಯಸ್ಸಿನದೇ ಇರಲಿ.

ನಮ್ಮ ಕಾಲದಲ್ಲಿ ಒಂಬತ್ತು ಹತ್ತರ ವಯಸ್ಸಿಗೆ ‘ಚಂದಮಾಮ’ ಇತ್ತು. 1949ರಲ್ಲಿ ಕನ್ನಡಕ್ಕೆ ಬಂದ ಆ ಮಾಸಪತ್ರಿಕೆ ಬೇತಾಳನ ಮುಂದಿನ ಕಥೆಗಾಗಿ ತಿಂಗಳಿಡೀ ನಮ್ಮನ್ನು ಕಾಯಿಸುತ್ತಿತ್ತು. ಈಗ ಅದಿಲ್ಲ. ಮಗು ಓದನ್ನು ಬಿಡುವುದೂ ಸಾಮಾನ್ಯವಾಗಿ ಈ ವಯಸ್ಸಿನಲ್ಲೇ. ಚಿತ್ರದ ಪುಸ್ತಕ ಹಿಂದಾಯಿತು, ದೊಡ್ಡ ಪುಸ್ತಕ ಇನ್ನೂ ಬಂದಿಲ್ಲ, ನಡುವೆ ಮೊಬೈಲ್ ಸಿಕ್ಕಿತು. ಆ ಎರಡು ಮೂರು ವರ್ಷ ದಯವಿಟ್ಟು ಮೈಮರೆಯಬೇಡಿ. ಡಾ. ಅನುಪಮಾ ನಿರಂಜನ ಇಡೀ ವರ್ಷಕ್ಕಾಗುವಂತೆ 12 ಸಂಪುಟಗಳಲ್ಲಿ ‘ದಿನಕ್ಕೊಂದು ಕಥೆ’ ಕೂಡಿಸಿಟ್ಟಿದ್ದಾರೆ. ಅದರಲ್ಲಿ ಒಂದು ಸಂಪುಟ ತಂದರೂ ತಿಂಗಳು ಸಾಗುತ್ತದೆ. ‘ಏಕೆ, ಹೇಗೆ’ ಎಂದು ಪೀಡಿಸುವ ಮಗುವಿಗಾಗಿ ಶಿವರಾಮ ಕಾರಂತರು ಒಬ್ಬರೇ ಕೂತು ‘ಬಾಲ ಪ್ರಪಂಚ’ ಬರೆದರು. ಅದರ ಮಾಹಿತಿ ಇಂದು ಹಳೆಯದಾಗಿದೆ, ಹೊಸ ವಿಜ್ಞಾನ ಪುಸ್ತಕಗಳನ್ನೇ ಕೊಡಿಸಿ. ಮಗುವಿನ ಪ್ರಶ್ನೆಗೆ ಕಾರಂತರು ಕೊಟ್ಟ ಮರ್ಯಾದೆ ಆ ಪುಸ್ತಕಗಳಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಕಪ್ಪು ಬಣ್ಣದವಳೆಂದರೆ ಕೆಟ್ಟವಳು, ಕುಂಟನೆಂದರೆ ನಗೆಪಾಟಲು, ಹೆಣ್ಣುಮಗಳ ಕೆಲಸವೇನಿದ್ದರೂ ಅಳುತ್ತ ಕಾಯುವುದು, ಇಂಥ ಮಾತುಗಳು ನಾವು ಆಸೆಯಿಂದ ಓದಿದ ಎಷ್ಟೋ ಕಥೆಗಳಲ್ಲಿ ಇದ್ದವು. ಯಾರೂ ತಡೆದು ಹೇಳಲಿಲ್ಲ, ಅವು ನಮ್ಮೊಳಗೆ ಇಳಿದವು. ನೀವು ಮೊದಲು ಓದಿದ್ದರೆ ಅಂಥ ಜಾಗದಲ್ಲಿ ನಿಲ್ಲಿಸಿ ‘ಇದು ಸರಿಯಾ?’ ಎಂದು ಮಗುವಿನೊಡನೆ ಮಾತಾಡಬಹುದು. ಓದದೆ ಕೊಟ್ಟರೆ ಆ ಅವಕಾಶ ಕೈತಪ್ಪುತ್ತದೆ.

ಇನ್ನು ಹೈಸ್ಕೂಲಿನ ವಯಸ್ಸು. ಎನ್. ನರಸಿಂಹಯ್ಯನವರು ಕಲಿತದ್ದು ನಾಲ್ಕನೆಯ ತರಗತಿ, ಬರೆದದ್ದು ನೂರಾರು ಪತ್ತೇದಾರಿ ಕಾದಂಬರಿ. ಹಿರಿಯರು ಅವನ್ನು ಕಿತ್ತು ಬಿಸಾಡುತ್ತಿದ್ದರು, ಹುಡುಗರು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದರು. ಮುಂದೆ ಕಾರಂತ, ಕುವೆಂಪು ಎಂದು ಹುಡುಕಿಕೊಂಡು ಹೋದವರಲ್ಲಿ ಹಲವರು ಆ ಹುಡುಗರೇ. ಹಾಗಾಗಿ ನಿಮ್ಮ ತಮ್ಮ ದೆವ್ವದ ಕಥೆ ಹಿಡಿದು ಕೂತರೆ ಬೈಯಬೇಡಿ. ಪಕ್ಕದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಇಟ್ಟು ಸುಮ್ಮನಿರಿ. ಹಾರುವ ಓತಿಯ ಬೆನ್ನುಹತ್ತಿ ಅದರಲ್ಲಿನ ಮಂದಣ್ಣನ ಜೊತೆ ಕಾಡಿಗೆ ನುಗ್ಗಿದವನು ಮುಗಿಸದೆ ಹೊರಬರುವುದು ಕಷ್ಟ. ಗಿಡಮರ ಇಷ್ಟಪಡುವ ಹುಡುಗಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಸ್ಯ ಹುಡುಕುತ್ತ ಅಲೆದ ಮೇಷ್ಟರ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದುವಾಗ ನಗು ತಡೆಯಲಾಗುವುದಿಲ್ಲ.

ದೊಡ್ಡ ಲೇಖಕರನ್ನು ಕೊಡುವಾಗಲೂ ಬಾಗಿಲು ನೋಡಿ ಒಳಗೆ ಬಿಡಿ. ಕುವೆಂಪು ಎಂದೊಡನೆ ಹದಿನಾಲ್ಕರ ಹುಡುಗನ ಮುಂದೆ ‘ಮಲೆಗಳಲ್ಲಿ ಮದುಮಗಳು’ ಇಟ್ಟರೆ ಅವನು ಕುವೆಂಪು ಅವರನ್ನೇ ದೂರ ಇಡುತ್ತಾನೆ. ಮೊದಲು ‘ಮಲೆನಾಡಿನ ಚಿತ್ರಗಳು’ ಕೊಡಿ. ಆ ಮಳೆ, ಆ ಬೇಟೆ ಹಿಡಿಸಿದರೆ ‘ಕಾನೂರು ಹೆಗ್ಗಡಿತಿ’ಗೆ ತಾನೇ ಬರುತ್ತಾನೆ. ಕಾರಂತರಲ್ಲಿ ‘ಚೋಮನ ದುಡಿ’ ಚಿಕ್ಕದು, ಹದಿನಾರಕ್ಕೆ ಸರಿಯಾಗಿ ತಾಗುತ್ತದೆ.

ಹದಿನೆಂಟು, ಇಪ್ಪತ್ತರವರೇ, ಈ ಮಾತು ನಿಮ್ಮ ಬಗ್ಗೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಯಶಸ್ಸಿನ ಸೂತ್ರ ಹೇಳುವ ಪುಸ್ತಕ, ಇವೆರಡನ್ನು ಬಿಟ್ಟು ನಿಮ್ಮ ಮೇಜಿನ ಮೇಲೆ ಬೇರೇನೂ ಕಾಣುತ್ತಿಲ್ಲ. ಗೈಡು ಬೇಕು, ಇರಲಿ. ಆದರೆ ಗೆದ್ದವರ ಸೂತ್ರ ಓದುವ ಹೊತ್ತಿನಲ್ಲಿ ಸಿದ್ದಲಿಂಗಯ್ಯನವರ ‘ಊರು ಕೇರಿ’ ಓದಿ ನೋಡಿ. ಹಸಿವು, ಅವಮಾನಗಳನ್ನು ಉಂಡ ಹುಡುಗ ನಗುನಗುತ್ತ ತನ್ನ ಕಥೆ ಹೇಳುವಾಗ ಧೈರ್ಯವೆಂದರೇನೆಂದು ತಿಳಿಯುತ್ತದೆ. ನೀವೇ ಓದದಿದ್ದರೆ ಚಿಕ್ಕವರಿಗೆ ಏನನ್ನು ಆರಿಸಿ ಕೊಡುತ್ತೀರಿ?

ದುಡ್ಡಿಲ್ಲ ಎನ್ನಬೇಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮುಂದಿನ ಸಲ ಊರಿಗೆ ಹೋದಾಗ ಮಗುವನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ. ಎರಡು ಪುಸ್ತಕ ತನ್ನಿ, ಒಂದು ನೀವು ಆರಿಸಿದ್ದು, ಒಂದು ಅದು ಆರಿಸಿದ್ದು. ನಿಮ್ಮದನ್ನು ಮಗು ಅರ್ಧಕ್ಕೇ ಬಿಟ್ಟರೆ ಒತ್ತಾಯ ಮಾಡಬೇಡಿ. ಆರು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ತಂದು ಕೊಡಿ.